ಪದ ಬೇಕು: 'ಲೀವಿಂಗ್ ಗ್ರೂಪ್' (ಸ್ವಲ್ಪ ತುರ್ತು)

ಬಾಗಲಕೋಟೆಯಿಂದ:
ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳ ಕ್ಲಾಸಿನ ಗೋಡೆಗೆ ಸಾವಯವ ರಸಾಯನದ ಚಾರ್ಟ್ ಮಾಡುತ್ತಿದ್ದೇನೆ, ನಾಳೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರು ಇವರು, ರಿಯಾಕ್ಷನ್ ಮೆಕ್ಯಾನಿಸಂ (ಕ್ರಿಯೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಬಗೆ) ಅಂದ ಕೂಡಲೇ ಉರು ಹೊಡೆಯಲು ಕೂರುತ್ತಾರೆ. ಮೀಥೈಲ್ ಬ್ರೋಮೈಡಿನ ಕಾರ್ಬನ್ನಿಗೆ ಹೈಡ್ರಾಕ್ಸೈಡ್ ತನ್ನ ಎಲೆಕ್ಟ್ರಾನ್ ಜೋಡಿ ಕೊಟ್ಟು ಹಿಂದಿನಿಂದ ಸೇರಿಕೊಳ್ಳುತ್ತದೆ, ಅದೇ ಹೊತ್ತಿಗೆ ಆ ಕಡೆಯಿಂದ ಬ್ರೋಮೈಡ್ ಕಳಚಿಕೊಳ್ಳುತ್ತದೆ. ಆ ಕಳಚಿ ಹೋಗುವುದಕ್ಕೆ ಏನನ್ನೋಣ? 'ನಿರ್ಗಮನ ಗುಂಪು' ಅಂದರೆ ಬಸ್ ಸ್ಟ್ಯಾಂಡಿನ ಬೋರ್ಡ್ ಓದಿದ ಹಾಗಿದೆ.

ಬೆಳಗಾವಿಯಿಂದ:
ಸರ್, ಒಂದು ಪದ ಏನು, ಇಡೀ ಪಾಠವೇ ನಮ್ಮ ಸಂಧಿ ಪ್ರಕರಣದಲ್ಲಿದೆ. ಎಲಿಮಿನೇಷನ್ ಅಂದರೆ ಲೋಪ, ಅಡಿಷನ್ ಆಗಮ, ಸಬ್‌ಸ್ಟಿಟ್ಯೂಷನ್ ಆದೇಶ. 'ಮಳೆಗಾಲ'ದಲ್ಲಿ ಕಕಾರ ಹೋಗಿ ಗಕಾರ ಬಂತಲ್ಲ, ಇಲ್ಲಿ ಬ್ರೋಮೈಡ್ ಹೋಗಿ ಹೈಡ್ರಾಕ್ಸೈಡ್ ಬಂತು. ಜಾಗ ಬಿಡುವುದನ್ನು ಪಾಣಿನಿಯ ವ್ಯಾಕರಣದಲ್ಲಿ 'ಸ್ಥಾನಿ' ಅನ್ನುತ್ತಾರೆ. ಅದನ್ನೇ ಹಾಕಿ.

ವಿಜಯಪುರದಿಂದ:
ನಾಲ್ಕೂ ಸಂಸ್ಕೃತ. ಕನ್ನಡದ ಬೇರು ಇರುವಾಗ ಸಾಲ ಯಾಕೆ? ಲೀವಿಂಗ್ ಗ್ರೂಪ್ 'ತೊರೆಗುಂಪು'. ಹೈಡ್ರಾಕ್ಸೈಡಿನ ಹಾಗೆ ಎಲೆಕ್ಟ್ರಾನ್ ಜೋಡಿ ಕೊಟ್ಟು ಸೇರುವುದು ನ್ಯೂಕ್ಲಿಯೋಫೈಲ್; ನ್ಯೂಕ್ಲಿಯಸ್ ನಡು, ಫೈಲ್ ಗ್ರೀಕಿನಲ್ಲಿ ಒಲವು, ಆದ್ದರಿಂದ 'ನಡುವೊಲಿಗ'.

ಬೆಳಗಾವಿಯಿಂದ:
ತೊರೆ ಅಂದರೆ ಹಳ್ಳ. ನಡುವೊಲಿಗ ಅಂದರೆ ದಲ್ಲಾಳಿ ಅಂದುಕೊಳ್ಳುತ್ತಾರೆ. ಮುಗಿಯಿತು.

ವಿಜಯಪುರದಿಂದ:
ದಲ್ಲಾಳಿ ಅರಬ್ಬಿಯಿಂದ ಬಂದದ್ದು. ಅದು ನಡೆಯುತ್ತೆ, ಕನ್ನಡದ್ದು ನಡೆಯಲ್ಲ ಅಲ್ವಾ?

ಜಮಖಂಡಿಯಿಂದ:
ಸುಮ್ನೆ ಜಗಳ. ಅರ್ಜಿ, ಜಮೀನು, ತಕರಾರು ಎಲ್ಲ ಹೊರಗಿನವೇ. ಆದಿಲಶಾಹಿಗಳು ಆಳಿದ ಊರಲ್ಲಿ ಕೂತು ಸಾಲದ ಲೆಕ್ಕ ತೆಗೆದರೆ ಮಾತಾಡಲು ಏನೂ ಉಳಿಯುವುದಿಲ್ಲ. ನಾನು ಇದೇ ಪಾಠ ಮಾಡುವವಳು. ನಿಮ್ಮೆಲ್ಲರ ಪದಗಳಲ್ಲೂ ಮುಖ್ಯ ಸಂಗತಿಯೇ ಬಿಟ್ಟುಹೋಗಿದೆ: ಆ ಗುಂಪು ಬರಿಗೈಯಲ್ಲಿ ಹೋಗುವುದಿಲ್ಲ, ಕಾರ್ಬನ್ ಜೊತೆ ಹಂಚಿಕೊಂಡಿದ್ದ ಎರಡೂ ಎಲೆಕ್ಟ್ರಾನ್ ಎತ್ತಿಕೊಂಡೇ ಹೋಗುತ್ತದೆ. ಆ ಜೋಡಿಯನ್ನು ತಾಳಿಕೊಳ್ಳುವ ಶಕ್ತಿ ಇದ್ದದ್ದು ಬೇಗ ಹೋಗುತ್ತದೆ. ಅಯೋಡೈಡ್ ಸಲೀಸು, ಫ್ಲೋರೈಡ್ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಆಲ್ಕೋಹಾಲಿನ ಓಎಚ್ ತಾನಾಗಿ ಹೋಗಲ್ಲ, ಆಮ್ಲದಿಂದ ಒಂದು ಪ್ರೋಟಾನ್ ಸಿಕ್ಕರೆ ನೀರಾಗಿ ಹೊರಬೀಳುತ್ತದೆ. ಮುಂದೆ ಮಕ್ಕಳಿಗೆ ಎದುರಾಗುವುದು ಇಂಗ್ಲಿಷ್ ಪದವೇ, ಆದ್ದರಿಂದ 'ಲೀವಿಂಗ್ ಗ್ರೂಪ್' ಅಂತಲೇ ದೊಡ್ಡದಾಗಿ ಬರೆಸಿ, ಕೆಳಗೆ 'ಎಲೆಕ್ಟ್ರಾನ್ ಜೋಡಿ ಸಮೇತ ಹೋಗುವ ಗುಂಪು' ಅಂತ ಹಾಕಿ. ಇನ್ನು ಬೆಳಗಾವಿ ಸರ್, ನಿಮ್ಮ ಆದೇಶ ಚೆನ್ನಾಗಿದೆ, ಲೋಪ ಕುಂಟುತ್ತೆ. ಊರು ಅಲ್ಲಿ ಸೇರಿ 'ಊರಲ್ಲಿ' ಆದಾಗ ಉಕಾರ ಹೋಯಿತು, ಅಷ್ಟೇ. ಎಲಿಮಿನೇಷನ್ನಿನಲ್ಲಿ ಗುಂಪು ಹೋದ ಮೇಲೆ ಅಲ್ಲೊಂದು ಜೋಡಿಬಂಧ ಹುಟ್ಟುತ್ತೆ, ಅದಕ್ಕೆ ವ್ಯಾಕರಣದಲ್ಲಿ ಏನಿದೆ?

ಬಾಗಲಕೋಟೆಯಿಂದ:
ಸರಿ ಮೇಡಂ, ಹಾಗೇ ಬರೆಸುತ್ತೇನೆ. ಬಾಣ ಒಂದು ಉಳಿಯಿತು. ಚಾರ್ಟಿನ ಬಾಗಿದ ಬಾಣ ಪರಮಾಣು ಓಡುವುದನ್ನು ತೋರಿಸುತ್ತೆ ಅಂತ ಹುಡುಗರು ತಿಳಿದಿದ್ದಾರೆ, ಅದು ತೋರಿಸುವುದು ಎಲೆಕ್ಟ್ರಾನ್ ಹೋಗುವುದನ್ನು. ಎಲೆಕ್ಟ್ರಾನ್ ಎಲ್ಲಿದೆಯೋ ಅಲ್ಲಿಂದ ಬಾಲ, ಎಲ್ಲಿಗೆ ಹೋಗುತ್ತೋ ಅಲ್ಲಿ ತಲೆ, ಎರಡು ಎಲೆಕ್ಟ್ರಾನಿಗೆ ಪೂರ್ತಿ ತಲೆ, ಒಂದಕ್ಕೆ ಅರ್ಧ. ಅರ್ಧ ತಲೆಯದಕ್ಕೆ 'ಗಾಳದ ಬಾಣ' ಅನ್ನಲೇ?

ಬೆಳಗಾವಿಯಿಂದ:
ಗಾಳ ಬೇಡ. 'ಏಕಫಲಕ ಶರ'.