ಬಾಕ್ಸ್ ಎಳೆಯುವಾಗ ಆಟೋ ಸ್ಕ್ರಾಲ್ ಕೈಕೊಡುತ್ತಿದೆ

ಪ್ರಶ್ನೆ: ನಾನು ಬರೆಯುತ್ತಿರುವ ಫ್ಲೋಚಾರ್ಟ್ ಎಡಿಟರ್‌ನಲ್ಲಿ ಬಾಕ್ಸನ್ನು ಅಂಚಿಗೆ ಎಳೆದರೆ ಸ್ಕ್ರಾಲ್ ಆಗುತ್ತದೆ, ಆದರೆ ಬಾಕ್ಸ್ ಮೌಸ್‌ಗಿಂತ ಹಿಂದೆ ಉಳಿಯುತ್ತದೆ. ಮೌಸ್ ನಿಲ್ಲಿಸಿದರೆ ಸ್ಕ್ರಾಲೂ ನಿಲ್ಲುತ್ತದೆ. ಚಿತ್ರಕ್ಕೆ ಎಸ್‌ವಿಜಿ (ಬ್ರೌಸರ್‌ನಲ್ಲಿ ವೆಕ್ಟರ್ ಚಿತ್ರ ಬರೆಯುವ ವಿಧಾನ) ಬಳಸಿದ್ದೇನೆ. ಯಾರಾದರೂ ದಾರಿ ಹೇಳ್ತೀರಾ?

ಉತ್ತರ 1: ಪಾಯಿಂಟರ್‌ಮೂವ್ (ಮೌಸ್ ಸರಿದಾಗ ಬ್ರೌಸರ್ ಕಳಿಸುವ ಸೂಚನೆ) ಬರುವುದು ಮೌಸ್ ಅಲುಗಾಡಿದಾಗ ಮಾತ್ರ ಅಲ್ವಾ? ಹಾಗಾಗಿ ಸ್ಕ್ರಾಲನ್ನು ಅದರೊಳಗೆ ಇಡಬೇಡಿ. ಕೊನೆಯ ಪಾಯಿಂಟರ್ ಜಾಗವನ್ನು ನೆನಪಿಟ್ಟುಕೊಂಡು, ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್ (ತೆರೆ ಹೊಸದಾಗಿ ಬರೆಯುವ ಮುನ್ನ ನಮ್ಮ ಕೋಡನ್ನು ಓಡಿಸುವ ಬ್ರೌಸರ್ ಫಂಕ್ಷನ್) ಲೂಪಿನಲ್ಲಿ, ಪ್ರತಿ ಫ್ರೇಮ್‌ನಲ್ಲೂ ಮೊದಲು ಸ್ಕ್ರಾಲ್ ಮಾಡಿ, ಆಮೇಲೆ ಬಾಕ್ಸಿನ ಜಾಗವನ್ನು ಹೊಸದಾಗಿ ಲೆಕ್ಕ ಹಾಕಿ. ಎರಡೂ ತೊಂದರೆ ಹೋಗುತ್ತದೆ.

ಉತ್ತರ 2: ಬಾಕ್ಸಿನ ಜಾಗದ ಲೆಕ್ಕಕ್ಕೆ ಗೆಟ್‌ಸ್ಕ್ರೀನ್‌ಸಿಟಿಎಮ್ (ಎಸ್‌ವಿಜಿಯೊಳಗಿನ ಜಾಗವನ್ನು ತೆರೆಯ ಜಾಗಕ್ಕೆ ಬದಲಿಸುವ ಮ್ಯಾಟ್ರಿಕ್ಸ್ ಕೊಡುವ ಫಂಕ್ಷನ್) ಕೊಟ್ಟದ್ದರ ಇನ್ವರ್ಸ್, ಅಂದರೆ ಉಲ್ಟಾ ಮ್ಯಾಟ್ರಿಕ್ಸ್ ಬಳಸಿ, ಜೂಮ್ ಇದ್ದರೂ ಸರಿಯಾಗಿ ಬರುತ್ತದೆ. ಎಳೆಯಲು ಶುರು ಮಾಡಿದಾಗಿನ ಹಳೇ ಮ್ಯಾಟ್ರಿಕ್ಸ್ ಮಾತ್ರ ಬೇಡ, ಸ್ಕ್ರಾಲ್ ಆದ ಕೂಡಲೇ ಅದು ತಪ್ಪಾಗುತ್ತದೆ.

ಉತ್ತರ 3: ಸೆಟ್‌ಪಾಯಿಂಟರ್‌ಕ್ಯಾಪ್ಚರ್ (ಮೌಸ್ ಬಾಕ್ಸಿನಿಂದ ಹೊರಗೆ ಹೋದರೂ ಅದರ ಸೂಚನೆಗಳು ಬಾಕ್ಸಿಗೇ ಬರುವಂತೆ ಮಾಡುವ ಫಂಕ್ಷನ್) ಕೂಡ ಹಾಕಿ. ಪಾಯಿಂಟರ್‌ಅಪ್ (ಬಟನ್ ಬಿಟ್ಟಾಗ ಬರುವ ಸೂಚನೆ), ಪಾಯಿಂಟರ್‌ಕ್ಯಾನ್ಸಲ್ (ಎಳೆಯುವುದನ್ನು ಬ್ರೌಸರ್ ನಡುವೆ ರದ್ದು ಮಾಡಿದಾಗ ಬರುವ ಸೂಚನೆ) ಎರಡರಲ್ಲೂ ಲೂಪ್ ನಿಲ್ಲಿಸಿ, ಇಲ್ಲಾಂದ್ರೆ ಕೈ ಬಿಟ್ಟರೂ ಸ್ಕ್ರಾಲ್ ಓಡುತ್ತಲೇ ಇರುತ್ತದೆ.