‘ಮಾತ್ರೆ ಅಂದೇ ಬಿಡಿ’: ನಸುಗುನ್ನಿ ಫಾರ್ವರ್ಡಿನ ಮೇಲೆ ಮನೆಯವರ ಗುಂಪಿನಲ್ಲಿ

ಶಂಕರ ಮಾವ: (ಫಾರ್ವರ್ಡ್) ಕಂಪವಾತಕ್ಕೆ ನಸುಗುನ್ನಿ! ದಿನಕ್ಕೆ ಎರಡು ಚಮಚ ಬೀಜದ ಪುಡಿ, ಬಿಸಿ ಹಾಲಿನಲ್ಲಿ. ಮಾತ್ರೆ ಅಂದೇ ಬಿಡಿ. ಎಲ್ಲರಿಗೂ ಕಳಿಸಿ.

ಸವಿತಕ್ಕ: ಮಾವ, ಕೊನೆಯ ಎರಡು ಮಾತು ಯಾರೂ ಪಾಲಿಸುವುದು ಬೇಡ. ಕಂಪವಾತಕ್ಕೆ (ಪಾರ್ಕಿನ್ಸನ್ಸ್) ಕೊಡುವ ಲೆವೊಡೋಪಾ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಮೈ ಮರದ ಹಾಗೆ ಬಿಗಿದು, ಜ್ವರ ಏರಿ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಜೀವಕ್ಕೇ ಅಪಾಯ.

ಶಂಕರ ಮಾವ: ಗಿಡದ್ದು ಅಂದ ಕೂಡಲೇ ನಿಮಗೆ ಆಗುವುದಿಲ್ಲ. ಮಾತ್ರೆಯಲ್ಲಿರುವುದೂ ಬೀಜದಲ್ಲಿರುವುದೂ ಒಂದೇ ಅಲ್ಲವಾ?

ಸವಿತಕ್ಕ: ಗಿಡದ್ದು ಆಗದಿದ್ದರೆ ಮರೆವಿನ ಕಾಯಿಲೆಗೆ ಸ್ನೋಡ್ರಾಪ್ ಗೆಡ್ಡೆಯಲ್ಲಿ ಸಿಕ್ಕಿದ ಗ್ಯಾಲಂಟಮೈನ್ ಡಾಕ್ಟರು ಯಾಕೆ ಬರೆಯುತ್ತಿದ್ದರು? ನಸುಗುನ್ನಿ ಬೀಜ, ಮಾತ್ರೆ ಎರಡರಲ್ಲೂ ಒಂದೇ ಮದ್ದು, ಹೌದು. ನನಗೆ ಹೆದರಿಕೆ ಇರುವುದೂ ಅದಕ್ಕೇ. ಬೀಜದಲ್ಲಿ ನೂರಕ್ಕೆ ಸುಮಾರು 3ರಿಂದ 6 ಪಾಲು ಲೆವೊಡೋಪಾ. 5 ಗ್ರಾಮಿನ ಚಮಚದಲ್ಲಿ 150 ಮಿ.ಗ್ರಾಂ ಇದ್ದೀತು, 300 ಕೂಡ ಇದ್ದೀತು, ಕಣ್ಣಿಗೆ ಎರಡೂ ಒಂದೇ. 110 ಮಿ.ಗ್ರಾಂ ಮಾತ್ರೆಯಲ್ಲಿ 100 ಲೆವೊಡೋಪಾ, ಅದು ದಾರಿಯಲ್ಲೇ ಖರ್ಚಾಗದ ಹಾಗೆ ಕಾಯುವ ಕಾರ್ಬಿಡೋಪಾ 10. ಬರೀ ಪುಡಿಯಾದರೆ ಹೆಚ್ಚಿನ ಪಾಲು ಮಿದುಳಿಗೆ ತಲುಪುವ ಮೊದಲೇ, ಮಿದುಳಿನೊಳಗೆ ಆಗಬೇಕಾದ ಡೋಪಮೈನ್ ಎಂಬ ರಾಸಾಯನಿಕವಾಗಿ ವಾಂತಿ ಬರಿಸುತ್ತದೆ. ಮಾತ್ರೆಯ ಮೇಲೆ ಪುಡಿಯನ್ನೂ ಕೊಟ್ಟರೆ ಕಾರ್ಬಿಡೋಪಾ ಪುಡಿಯದ್ದನ್ನೂ ಮಿದುಳಿಗೆ ದಾಟಿಸುತ್ತದೆ. ಆಮೇಲೆ ಕೈಕಾಲು ತನ್ನಷ್ಟಕ್ಕೆ ಕುಣಿಯುವುದು, ಎದ್ದು ನಿಂತಾಗ ಬಿ.ಪಿ. ಇಳಿದು ಬೀಳುವುದು, ಇಲ್ಲದ್ದು ಕಾಣುವುದು.

ಮುರಳಿ ಭಾವ: ಆದರೆ ಮದ್ದಿನಲ್ಲಿ ಹುರುಳಿಲ್ಲ ಅನ್ನಬೇಡಿ. ಬೀಜ ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಒಣಗಿಸಿ ಪುಡಿ ಮಾಡುವುದು ಆಯುರ್ವೇದದ ಕ್ರಮ. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳಿಗೆ ನಸುಗುನ್ನಿ ಪುಡಿ 30 ಗ್ರಾಂ ಕೊಟ್ಟಾಗ ಸುಮಾರು 35 ನಿಮಿಷಕ್ಕೆ ಗುಣ ಕಂಡಿತು, ಮಾತ್ರೆಗೆ ಸುಮಾರು 69.

ಸವಿತಕ್ಕ: ಅಲ್ಲಿ 30 ಗ್ರಾಮಿನಲ್ಲಿ 1000 ಮಿ.ಗ್ರಾಂ ಲೆವೊಡೋಪಾ ಅಂತ ಅಳೆದೇ ಕೊಟ್ಟದ್ದು ಭಾವ, ಅದೂ ಒಂದೊಂದೇ ಡೋಸು. ಮತ್ತೆ ಹಾಲು ಬೇಡವೇ ಬೇಡ. ಲೆವೊಡೋಪಾ ಕರುಳು ದಾಟುವ ಬಾಗಿಲಲ್ಲೇ ಹಾಲಿನ ಪ್ರೋಟೀನೂ ನುಗ್ಗುತ್ತದೆ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ನುಂಗಬೇಕು. ಕಬ್ಬಿಣದ ಮಾತ್ರೆ ಅದರಿಂದ ಎರಡು ಗಂಟೆ ದೂರ ಇರಲಿ.

ಶಂಕರ ಮಾವ: ರಬ್ಬರ್ ತೋಟದಲ್ಲಿ ಬಳ್ಳಿ ಬೇಕಾದಷ್ಟುಂಟು. ಅದರ ಬೀಜ ಸಾಕಲ್ಲ?

ಮುರಳಿ ಭಾವ: ಅದು ಮುಟ್ಟಬೇಡಿ ಮಾವ. ರಬ್ಬರ್ ಮರದ ಬುಡದಲ್ಲಿ ಮಣ್ಣಿಗೆ ಹೊದಿಕೆಯಾಗಿ ಬಿಡುವುದು ಮ್ಯೂಕುನಾ ಬ್ರ್ಯಾಕ್ಟಿಯೇಟಾ, ಬೇರೆ ಬಳ್ಳಿ. ನಸುಗುನ್ನಿ, ಮಲಯಾಳದ ನಾಯ್ಕುರುಣ, ಮ್ಯೂಕುನಾ ಪ್ರುರಿಯನ್ಸ್. ಬ್ರಾಹ್ಮಿಯದ್ದೂ ಇದೇ ಕಥೆ. ಕನ್ನಡದವರು ಬ್ರಾಹ್ಮಿ ಅಂತ ತಿಮರೆ (ಒಂದೆಲಗ) ಕಿತ್ತರೆ, ಮಲಯಾಳದವರು ಬ್ರಹ್ಮಿ ಅಂತ ಕೊಡುವುದು ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡ.

ಸವಿತಕ್ಕ: ಕಂಪವಾತ ಇರುವ ನಮ್ಮ ದೊಡ್ಡಪ್ಪನಿಗೆ ಪುಡಿ ಕೊಡುವ ಮನಸ್ಸಿದ್ದರೆ ಪುಡಿಯ ಡಬ್ಬಿ, ಮಾತ್ರೆಯ ಚೀಟಿ, ನಡುಕ ಎಷ್ಟು ಗಂಟೆಗೆ ಇಳಿಯಿತು ಎಷ್ಟಕ್ಕೆ ಏರಿತು ಅಂತ ಮೂರು ದಿನ ಬರೆದ ಹಾಳೆ, ಇಷ್ಟನ್ನೂ ನರರೋಗದ ಡಾಕ್ಟರ ಮುಂದೆ ಇಡಿ. ಅಲ್ಲಿವರೆಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಲಿ.

ಶಂಕರ ಮಾವ: ಮಾತ್ರೆ ನಿಲ್ಲಿಸುವುದಿಲ್ಲ, ಫಾರ್ವರ್ಡ್ ಅಳಿಸಿದೆ. ಪುಡಿ ಬೇಡ ಅಂತ ಮಾತ್ರ ಇನ್ನೂ ಒಪ್ಪಿಲ್ಲ, ಡಾಕ್ಟರಲ್ಲೇ ಕೇಳುತ್ತೇನೆ. ಹಾಳೆ ನಾಳೆ ಬೆಳಗ್ಗಿನ ಮಾತ್ರೆಯಿಂದಲೇ ಶುರು.