ಕಮಾಂಡ್‌ಗೆ ಕಾಯಲೇ, ಈಗಲೇ ದೊಡ್ಡ ಸಂಸ್ಥೆಗೆ ಹೋಗಲೇ?

ಪ್ರಶ್ನೆ
ನನಗೆ 34 ವರ್ಷ. ಸಣ್ಣ ವಿಮಾನಯಾನ ಸಂಸ್ಥೆಯೊಂದರಲ್ಲಿ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದ ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್. ಇದುವರೆಗೆ 2,900 ಗಂಟೆ ಹಾರಾಟವಾಗಿದೆ. ಇನ್ನು ಎಂಟು ತಿಂಗಳಲ್ಲಿ ಕಮಾಂಡ್ ತರಬೇತಿಗೆ, ಅಂದರೆ ಕ್ಯಾಪ್ಟನ್ ಆಗುವ ತರಬೇತಿಗೆ, ನನ್ನ ಸರದಿ ಬರುತ್ತದೆ ಎನ್ನುತ್ತಿದ್ದಾರೆ. ಅಷ್ಟರಲ್ಲಿ ಏರ್‌ಬಸ್ 320 ಹಾರಿಸುವ ದೊಡ್ಡ ಸಂಸ್ಥೆಯೊಂದರಿಂದ ಫಸ್ಟ್ ಆಫೀಸರ್ ಕೆಲಸಕ್ಕೆ ಕರೆ ಬಂದಿದೆ. ಇಲ್ಲೇ ಉಳಿದರೆ ಭುಜದ ಮೇಲೆ ಕ್ಯಾಪ್ಟನ್‌ನ ನಾಲ್ಕು ಪಟ್ಟಿ. ಹೋದರೆ ಜ್ಯೇಷ್ಠತಾ ಪಟ್ಟಿಯ ತಳದಲ್ಲಿ ನನ್ನ ಹೆಸರು. ಈ ಕವಲಿನಲ್ಲಿ ನಿಂತು ಬಂದವರು ದಯವಿಟ್ಟು ಹೇಳಿ.

ಬೋಯಿಂಗ್ 777 ಕ್ಯಾಪ್ಟನ್
ಹೋಗಿ. ಇವತ್ತೇ ಒಪ್ಪಿಗೆ ಕಳುಹಿಸಿ.

ನಾನು ಕಾದವನು. 1999ರ ಕೊನೆಯಲ್ಲಿ ನನಗೂ ಇಂಥದೇ ಕರೆ ಬಂದಿತ್ತು. ಕ್ಯಾಪ್ಟನ್ ಆಗಿಯೇ ಹೋಗುತ್ತೇನೆ ಎಂಬ ಹಟ. ಕಮಾಂಡ್ ಸಿಕ್ಕಿತು, ಒಂದಿಷ್ಟು ಗಂಟೆಗಳೂ ಕೂಡಿದವು. 2001ರ ಆರಂಭದಲ್ಲಿ ಅದೇ ದೊಡ್ಡ ಸಂಸ್ಥೆಗೆ ಸೇರಿದೆ. ಆ ನಡುವೆ ಬ್ಯಾಚಿನ ಮೇಲೆ ಬ್ಯಾಚು ಸೇರಿಕೊಂಡು ನನ್ನ ಮೇಲೆ ಕುಳಿತಿದ್ದವು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಗೋಪುರಗಳು ಬಿದ್ದವು, ವಿಮಾನಗಳು ಖಾಲಿಯಾದವು, ಪಟ್ಟಿಯನ್ನು ತಳದಿಂದ ಕತ್ತರಿಸಲಾಯಿತು. 1999ರಲ್ಲಿ ಸೇರಿದವರು ಉಳಿದರು. ಕ್ಯಾಪ್ಟನ್ ಆಗಿ ಮೆರೆದು ಬಂದಿದ್ದ ನಾನು ಮನೆಗೆ ಹೋದೆ. ಮತ್ತೆ ಕರೆ ಬರಲು ನಾಲ್ಕು ವರ್ಷ ಹಿಡಿಯಿತು.

ಈ ವೃತ್ತಿಯಲ್ಲಿ ಅನುಭವಕ್ಕಿಂತ ಸೇರಿದ ದಿನಾಂಕಕ್ಕೆ ಬೆಲೆ. ಯಾವ ವಿಮಾನ, ಯಾವ ಬೇಸ್, ಯಾವ ರಜೆ, ಹಬ್ಬದ ದಿನ ಎಲ್ಲಿರುತ್ತೀರಿ, ಎಲ್ಲವನ್ನೂ ಜ್ಯೇಷ್ಠತಾ ಪಟ್ಟಿಯಲ್ಲಿನ ನಿಮ್ಮ ಒಂದು ಸಂಖ್ಯೆಯೇ ನಿರ್ಧರಿಸುತ್ತದೆ. ಒಂದೇ ದಿನ ಸೇರಿದವರಲ್ಲಿ ಯಾರು ಮೇಲು ಎಂಬುದನ್ನು ವಯಸ್ಸಿನ ಮೇಲೆ, ಕೆಲವು ಕಡೆ ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳ ಮೇಲೆ ತೀರ್ಮಾನಿಸುತ್ತಾರೆ. ನಗಬೇಡಿ, ಆ ಅಂಕಿ ಮೂವತ್ತು ವರ್ಷ ಬೆನ್ನು ಬಿಡುವುದಿಲ್ಲ.

ಮೂರು ಸಂಸ್ಥೆ ಕಂಡ ಕ್ಯಾಪ್ಟನ್
ಮೇಲಿನ ಹಿರಿಯರ ಮಾತನ್ನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. ಅವರ ಸಂಸ್ಥೆ ಉಳಿಯಿತು, ಹಾಗಾಗಿ ಸಂಖ್ಯೆಗೂ ಬೆಲೆ ಉಳಿಯಿತು. ನನ್ನ ಮೊದಲ ಸಂಸ್ಥೆ ಬಾಗಿಲು ಹಾಕಿದ ದಿನ ಹನ್ನೊಂದು ವರ್ಷದ ಸೀನಿಯಾರಿಟಿ ಹರಿದ ಚೀಟಿಯಾಯಿತು. ಯಾವ ಸಂಸ್ಥೆಯೂ ಇನ್ನೊಂದರ ಜ್ಯೇಷ್ಠತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೊತೆಗೆ ಬರುವುದು ಲಾಗ್‌ಬುಕ್ ಒಂದೇ. ಅದರಲ್ಲಿ ಕ್ಯಾಪ್ಟನ್ ಗಂಟೆಗಳು ಇದ್ದುದರಿಂದ ಬೇರೊಂದು ಕಡೆ ನೇರವಾಗಿ ಎಡಗಡೆಯ ಸೀಟಿಗೇ, ಅಂದರೆ ಕ್ಯಾಪ್ಟನ್ ಆಗಿಯೇ, ತೆಗೆದುಕೊಂಡರು. ಅಂಥ ನೇರ ನೇಮಕಾತಿ ಎಲ್ಲ ಕಡೆ ಇಲ್ಲ, ನಿಜ. ಇರುವ ಕಡೆ ಅವರು ಮೊದಲು ಕೇಳುವುದು ಕಮಾಂಡ್ ಗಂಟೆಯನ್ನು. ನನ್ನ ಜೊತೆಗಿದ್ದ ಫಸ್ಟ್ ಆಫೀಸರ್‌ಗಳು ಎರಡು ವರ್ಷ ಅಲೆದರು.

ಆದರೆ ಒಂದು ಮಾತು. 'ಎನ್ನುತ್ತಿದ್ದಾರೆ' ಎಂದು ಬರೆದಿದ್ದೀರಿ. ಯಾರು? ಬರಹದಲ್ಲಿದೆಯೇ? ಸಿಮ್ಯುಲೇಟರ್ ಸಮಯ ಕಾಯ್ದಿರಿಸಿದ್ದಾರೆಯೇ? ನಿಮ್ಮ ಕೈಕೆಳಗೆ ಹಾರಲು ಹೊಸ ಫಸ್ಟ್ ಆಫೀಸರ್‌ಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ? ಬಲಗಡೆ ಕೂರಲು ಜನವಿಲ್ಲದ ಸಂಸ್ಥೆ ನಿಮ್ಮನ್ನು ಎಡಗಡೆಗೆ ದಾಟಿಸುವುದಿಲ್ಲ.

ಲೆಕ್ಕ ಇಡುವ ಫಸ್ಟ್ ಆಫೀಸರ್
ಇಬ್ಬರೂ ತಮ್ಮ ತಮ್ಮ ಕಥೆ ಹೇಳಿದರು. ನೀವು ದೊಡ್ಡ ಸಂಸ್ಥೆಯ ಪಟ್ಟಿಯನ್ನೇ ಹೇಗಾದರೂ ನೋಡಿ. ಒಳಗಿರುವ ಯಾರಾದರೂ ತೋರಿಸುತ್ತಾರೆ. ಅಂತಾರಾಷ್ಟ್ರೀಯ ಹಾರಾಟಕ್ಕೆ ಪೈಲಟ್‌ಗಳ ಗರಿಷ್ಠ ವಯಸ್ಸು 65. ನಿಮಗಿಂತ ಮೇಲಿರುವವರಲ್ಲಿ ಎಷ್ಟು ಜನ ಹತ್ತು ವರ್ಷದೊಳಗೆ ಆ ಗಡಿ ಮುಟ್ಟುತ್ತಾರೆ, ಎಣಿಸಿ. ಸಾವಿರ ಜನರ ಪಟ್ಟಿಯಲ್ಲಿ ನಾನೂರು ಮಂದಿ 55 ದಾಟಿದ್ದರೆ ಸಂಸ್ಥೆ ಒಂದೂ ಹೊಸ ವಿಮಾನ ಕೊಳ್ಳದಿದ್ದರೂ ನೀವು ಮೇಲೇರುತ್ತೀರಿ. ಎಲ್ಲರೂ ನಲವತ್ತರ ಆಸುಪಾಸಿನವರಾದರೆ ಹೊಸ ವಿಮಾನಗಳೇ ಗತಿ, ಮತ್ತು ವಿಮಾನದ ಆರ್ಡರ್ ಎಂಬುದು ರದ್ದಾಗುವ, ಮುಂದೂಡುವ ವಸ್ತು.

ಲೆಕ್ಕವೂ ಕೈಕೊಡುತ್ತದೆ. ಅಮೆರಿಕದಲ್ಲಿ 2007ರ ಡಿಸೆಂಬರ್‌ನಲ್ಲಿ ನಿವೃತ್ತಿಯ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದರು. ಮರುವರ್ಷವೇ ಹೋಗಬೇಕಿದ್ದವರು ಇನ್ನೂ ಐದು ವರ್ಷ ಕುಳಿತರು, ಜೊತೆಗೆ 2008ರ ಆರ್ಥಿಕ ಕುಸಿತ. ಕೆಳಗಿದ್ದವರು ಇದ್ದಲ್ಲೇ ಇದ್ದರು.

ವಿಲೀನ ಇನ್ನೊಂದು ತಲೆನೋವು. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದವು. ಸೇರಿದ ದಿನಾಂಕವೇ ಆಧಾರವಾಗಲಿ ಎಂದು ಹಳೆಯ ಸಂಸ್ಥೆಯಾದ ಯುಎಸ್ ಏರ್‌ವೇಸ್‌ನ ಪೈಲಟ್‌ಗಳು ಪಟ್ಟು ಹಿಡಿದರು. 2007ರಲ್ಲಿ ಮಧ್ಯಸ್ಥಗಾರರು ಬೇರೆಯೇ ತೀರ್ಪು ಕೊಟ್ಟರು: ಆಗ ಕೆಲಸದಿಂದ ಹೊರಗಿದ್ದ ಯುಎಸ್ ಏರ್‌ವೇಸ್ ಪೈಲಟ್‌ಗಳು, ಹಿಂದೆ ಎಷ್ಟೇ ಸೇವೆ ಮಾಡಿದ್ದರೂ, ಪಟ್ಟಿಯ ತಳಕ್ಕೆ. 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಮತ್ತೊಂದು ವಿಲೀನವಾಗುವ ಹೊತ್ತಿಗೂ ಆ ಜಗಳ ಮುಗಿದಿರಲಿಲ್ಲ. ಆದ್ದರಿಂದ ನೀವು ಸೇರುವ ಸಂಸ್ಥೆ ನುಂಗುವುದೋ, ನುಂಗಿಸಿಕೊಳ್ಳುವುದೋ ಎಂಬುದನ್ನೂ ಯೋಚಿಸಿ.

ಬೇಕೆಂದೇ ಬಲಗಡೆ ಉಳಿದವಳು
ನಾಲ್ಕು ಪಟ್ಟಿಯ ಮೋಹ ಯಾರಿಗೂ ಇಲ್ಲವೆಂದು ಹೇಳುವುದಿಲ್ಲ. ಆದರೆ ನಾನು ಎರಡು ಸಲ ಕಮಾಂಡ್ ಬೇಡವೆಂದಿದ್ದೇನೆ. ಫಸ್ಟ್ ಆಫೀಸರ್‌ಗಳಲ್ಲಿ ಮೇಲಿನ ಸಾಲಿನಲ್ಲಿರುವುದರಿಂದ ಬೇಕಾದ ರೋಸ್ಟರ್ ಸಿಗುತ್ತದೆ, ಮಗಳ ಶಾಲೆಯ ವಾರ್ಷಿಕೋತ್ಸವ ತಪ್ಪಿಲ್ಲ. ಕ್ಯಾಪ್ಟನ್ ಆದ ದಿನವೇ ಕ್ಯಾಪ್ಟನ್‌ಗಳ ಸಾಲಿನಲ್ಲಿ ಕೊನೆಯವಳು. ಬೆಳಗಿನ ಮೂರಕ್ಕೆ ಸ್ಟ್ಯಾಂಡ್‌ಬೈ. ಸಂಬಳ ಕಡಿಮೆ, ಗೊತ್ತಿದ್ದೇ ಬಿಟ್ಟಿದ್ದೇನೆ.

ಪ್ರಶ್ನೆ ಕೇಳಿದವನು
ಎಲ್ಲರಿಗೂ ಧನ್ಯವಾದ. ತರಬೇತಿ ವಿಭಾಗಕ್ಕೆ ಹೋಗಿ ದಿನಾಂಕವನ್ನು ಬರಹದಲ್ಲಿ ಕೇಳಿದೆ. ಅಲ್ಲಿದ್ದವರು ನಕ್ಕರು. ನನಗಿಂತ ಮುಂದಿರುವವನಿಗೆ ಹೋದ ವರ್ಷವೂ 'ಎಂಟು ತಿಂಗಳು' ಎಂದೇ ಹೇಳಿದ್ದರಂತೆ. ಹೊಸ ಫಸ್ಟ್ ಆಫೀಸರ್‌ಗಳ ನೇಮಕಾತಿಯೂ ನಿಂತಿದೆ. ಆ ಕಡೆ ದೊಡ್ಡ ಸಂಸ್ಥೆಯ ಪಟ್ಟಿ ನೋಡಿದೆ: ಮೇಲಿನ ಮೂರನೇ ಒಂದು ಭಾಗ 57 ದಾಟಿದವರು. ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಖರ್ಚಿಗೆ ಮೂರು ವರ್ಷದ ಬಾಂಡ್ ಬರೆಸಿಕೊಳ್ಳುತ್ತಾರೆ, ಅದೊಂದು ಚುಚ್ಚುತ್ತಿದೆ. ಆದರೂ ಸೋಮವಾರ ರಾಜೀನಾಮೆ ಕೊಡುತ್ತಿದ್ದೇನೆ. ನೋಟಿಸ್ ಅವಧಿ ಮುಗಿಯುವ ಮೊದಲೇ ಅವರ ಬ್ಯಾಚ್ ಶುರುವಾದರೆ ಇನ್ನೂ ಮೂವತ್ತು ಜನ ನನ್ನ ಮೇಲೆ ಬಂದು ಕೂರುತ್ತಾರೆ. ನೋಟಿಸ್ ಅವಧಿಯನ್ನು ಕಡಿಮೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?